ಬಚ್ಚಲ ಕಲ್ಲಿನ ಸಂದು

ಈ ಪತ್ರಿಕೆಯ ಪುಟಗಳಲ್ಲಿ ಶಾಸ್ತ್ರ, ಕಾವ್ಯ, ಪುರಾತನರ ಚರಿತೆ ಎಂದು ಬರೆಯುತ್ತ ಬಂದ ನಾನು ಈ ಸಲ ಬಚ್ಚಲುಮನೆಯ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಮೀಯದೆ ಪೂಜೆಗೆ ಕುಳಿತುಕೊಳ್ಳದ ನಮ್ಮ ಮನೆಗಳಲ್ಲಿ ದಿನವು ಮೊದಲಾಗುವುದೇ ಬಚ್ಚಲಿನಿಂದ. ಅಲ್ಲದೆ ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ನಷ್ಟಕ್ಕೆ ಆ ಬಚ್ಚಲೂ ನಾನೂ ಕೂಡಿಯೇ ಕಾರಣರಾದೆವು. ಅದನ್ನು ಮುಚ್ಚಿಡುವುದಕ್ಕಿಂತ ಬರೆದುಬಿಡುವುದು ಲೇಸೆಂದು ತೋರಿತು.

ಕೊಳ್ಳೇಗಾಲದಲ್ಲಿ ನಾವು ಮನೆ ಕಟ್ಟಿದ್ದು 1998ರಲ್ಲಿ, ಚಾಮರಾಜನಗರ ಜಿಲ್ಲೆಯಾದ ಮರುವರ್ಷ. ಆಗ ನಾನು ಯಳಂದೂರಿನಲ್ಲಿ ಪಂಡಿತನಾಗಿದ್ದೆ. ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕೈಯಲ್ಲಿದ್ದ ಹಣಕ್ಕೆ ತಕ್ಕಂತೆ ಬಚ್ಚಲಿನ ನೆಲಕ್ಕೆ ಕಡಪ ಕಲ್ಲು, ಗೋಡೆಗೆ ಐದಡಿಯವರೆಗೆ ಬಿಳಿಯ ಹೊಳಪು ಟೈಲು ಹಾಕಿಸಿದೆವು. ಸ್ಥಳ ಸಾಲದ್ದರಿಂದ ಬಚ್ಚಲ ಗೋಡೆಯ ಆಚೆಬದಿಯೇ ಪೂಜಾಗೃಹ. ಆ ಗೋಡೆಯಲ್ಲೇ ಒಂದು ಗೂಡು, ಗೂಡಿಗೆ ಮರದ ಬಾಗಿಲು, ಅದರೊಳಗೆ ನನ್ನ ತಾಡವೋಲೆಯ ಕಟ್ಟುಗಳು. ಒಟ್ಟು ನಾಲ್ಕೇ ಕಟ್ಟುಗಳು. ಅವುಗಳಲ್ಲಿ ದೊಡ್ಡದು ಷಡಕ್ಷರದೇವನ ‘ರಾಜಶೇಖರವಿಳಾಸ’ದ ಒಂದು ಪ್ರತಿ.

ಷಡಕ್ಷರದೇವ 17ನೆಯ ಶತಮಾನದವನು. ಯಳಂದೂರಿನ ನೆಲದೊಡನೆ ಅವನ ಹೆಸರು ಬೆಸೆದುಕೊಂಡಿದೆ. ಅವನ ಕಾವ್ಯವನ್ನು ಪಾಠ ಹೇಳುವುದು ಆ ಕಡೆಯ ಪಂಡಿತರಿಗೆ ಒಂದು ಹೆಮ್ಮೆ. ನಾನು ಮಠದ ವಿದ್ಯಾರ್ಥಿಯಾಗಿ ಸೇರಿದ್ದು 1969ರಲ್ಲಿ, ಹತ್ತು ವರ್ಷದ ಹುಡುಗನಾಗಿ. ಹದಿನಾಲ್ಕು ವರ್ಷ ಅಲ್ಲಿದ್ದು 1983ರಲ್ಲಿ ಹೊರಡುವಾಗ ನಮ್ಮ ಗುರುಗಳು ಈ ಕಟ್ಟನ್ನು ಕೈಗಿತ್ತರು. ಅವರ ಅಜ್ಜನವರು ಕಂಠದಿಂದ ಕೊರೆದ ಪ್ರತಿ ಅದು. ಕಾವ್ಯವೇನೋ ಅಚ್ಚಾಗಿದೆ, ಪುಸ್ತಕ ಕೊಂಡು ಓದಬಹುದು. ಹಾಗಾಗಿ ಲೋಕಕ್ಕೆ ಆ ಕಟ್ಟಿನಿಂದ ದೊರೆಯುವ ಹೊಸದೇನೂ ಇರಲಿಲ್ಲ. ಆದರೆ ಅಲ್ಲಲ್ಲಿ ಗರಿಯ ಅಂಚಿನಲ್ಲಿ ಗುರುಗಳು ತಾವೇ ಕೊರೆದಿದ್ದ ಪದಚ್ಛೇದದ ಸಣ್ಣ ಗುರುತುಗಳಿದ್ದವು. ಅವು ಬೇರೆಲ್ಲಿಯೂ ಇಲ್ಲ.

ಇನ್ನು ನನ್ನ ಅಪರಾಧದ ಕಥೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಮೊದಲು, ನೀರು ತುಂಬುವ ಹಬ್ಬಕ್ಕೆಂದು ನಮ್ಮ ಮನೆಯವರು ಹಂಡೆ ಬೆಳಗುತ್ತ, ಬಚ್ಚಲ ನೆಲದ ಮೇಲೆ ಬಿಳಿಯ ಪೊರೆ ಕಟ್ಟಿದೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲವೆಂದು ನೊಂದುಕೊಂಡರು. ಕೊಳವೆಬಾವಿಯ ಗಡಸು ನೀರಿನ ಕಾಟ ನಮ್ಮ ಕಡೆಯ ಓದುಗರಿಗೆ ಗೊತ್ತೇ ಇದೆ. ನೀರು ಆರಿದರೂ ಅದರಲ್ಲಿದ್ದ ಸುಣ್ಣದ ಅಂಶ ಕಲ್ಲಿನ ಮೇಲೆಯೇ ಉಳಿಯುತ್ತದೆ. ನಾನು ಅಂಗಡಿಗೆ ಹೋಗಿ ಒಂದು ಸೀಸೆ ಆಸಿಡ್ ತಂದೆ. ಮನೆಯವರು ಸಂತೆಗೆ ಹೋಗಿದ್ದಾಗ ನಾನೇ ಸುರಿದು ಪೊರಕೆಯಿಂದ ಉಜ್ಜಿದೆ. ಬುಸುಬುಸು ನೊರೆ ಎದ್ದಿತು. ಕೊಳೆ ಹೋಗುತ್ತಿದೆಯೆಂದು ಸಂತೋಷಪಟ್ಟೆ. ಪಂಡಿತನ ಪಾಂಡಿತ್ಯ ನೋಡಿ: ಆ ನೊರೆ ಕೊಳೆಯದಾಗಿರಲಿಲ್ಲ, ಕಲ್ಲಿನದು.

ಕಡಪ ಕಲ್ಲು ಸುಣ್ಣದ ಜಾತಿಯ ಕಲ್ಲು. ಅಮೃತಶಿಲೆಯೂ ನಮ್ಮ ಉತ್ತರದ ಶಹಾಬಾದ್ ಕಲ್ಲೂ ಅದೇ ಕುಲ. ಆಮ್ಲ ತಗುಲಿದೊಡನೆ ಇವು ಕರಗಿ, ಅಂಗಾರಾಮ್ಲ ವಾಯು ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಮರುದಿನ ನೋಡಿದರೆ ಬಿಳಿಯ ಪೊರೆ ಹೋಗಿತ್ತು, ಜೊತೆಗೆ ಇಪ್ಪತ್ತೈದು ವರ್ಷದ ಹೊಳಪೂ ಹೋಗಿತ್ತು. ಕಲ್ಲು ಬೂದಿ ಬಳಿದಂತೆ ಮಂಕಾಗಿತ್ತು. ನಾನು ಗಮನಿಸದೆ ಹೋದ ಸಂಗತಿ ಇನ್ನೊಂದಿತ್ತು. ಕಲ್ಲು ಕಲ್ಲಿನ ನಡುವಣ ಸಂದಿನಲ್ಲಿ ತುಂಬಿದ್ದ ಬಿಳಿ ಸಿಮೆಂಟನ್ನೂ ಆಮ್ಲ ತಿಂದುಹಾಕಿತ್ತು.

“ಏನೂಂದ್ರೆ, ಕಲ್ಲು ಯಾಕೆ ಹೀಗಾಯ್ತು?” ಎಂದು ಮನೆಯವರು ಕೇಳಿದಾಗ, “ಹಳೆಯದಾಯಿತಲ್ಲ” ಎಂದುಬಿಟ್ಟೆ. ಅರವತ್ತು ದಾಟಿದ ಮನುಷ್ಯ, ಬೆಳಗಿನ ಪೂಜೆಗೆ ಮುಂಚೆ ಹೇಳಿದ ಸುಳ್ಳು ಅದು.

ಹೊಳಪು ಮರಳಿ ಬರಲೆಂದು ಒಬ್ಬ ಗುತ್ತಿಗೆದಾರರನ್ನು ಕರೆಸಿದೆ. ಅವರು ಒಂದೇ ದಿನದಲ್ಲಿ ಬಂದು, ನೆಲ ಇನ್ನೂ ಪೂರ್ತಿ ಆರದಿರುವಾಗಲೇ ವಾರ್ನಿಷಿನಂಥ ದಪ್ಪ ದ್ರವವನ್ನು ಮೇಲಿಂದ ಬಳಿದು ಹೋದರು. ನೋಡುವುದಕ್ಕೆ ಕನ್ನಡಿಯಂತಿತ್ತು. ಆರು ತಿಂಗಳೊಳಗೆ ಅದು ಹಾಲಿನ ಕೆನೆಯಂತೆ ಬೆಳ್ಳಗಾಗಿ ಪದರಪದರವಾಗಿ ಏಳತೊಡಗಿತು. ಒದ್ದೆಯಾದಾಗ ಕಾಲು ಜಾರುತ್ತಿತ್ತು. ಮನೆಯವರು ಎರಡು ಸಲ ಗೋಡೆ ಹಿಡಿದು ನಿಂತದ್ದುಂಟು. ಅವರನ್ನು ದೂರಿ ಪ್ರಯೋಜನವಿಲ್ಲ. ಬೇಗ ಮುಗಿಯಲೆಂದು ಅವಸರಪಡಿಸಿದವನು ನಾನೇ.

ಕಳೆದ ವರ್ಷ ಕಾರ್ತಿಕದಲ್ಲಿ, “ಏನೂಂದ್ರೆ, ಪೂಜೆ ಮನೇಲಿ ಏನೋ ಮುಗ್ಗಲು ವಾಸನೆ” ಎಂದರು. ವಿಭೂತಿ ಗಟ್ಟಿ ತೇವಗೊಂಡಿರಬಹುದೆಂದೆ. ನಾಲ್ಕು ದಿನ ಕಳೆದ ಮೇಲೆ ಗೂಡಿನ ಬಾಗಿಲು ತೆಗೆದೆ. ಮರ ಉಬ್ಬಿ ಬಾಗಿಲು ಕಿತ್ತಿಕೊಂಡು ಬರಲೊಲ್ಲದು. ಬಲವಾಗಿ ಎಳೆದಾಗ ಒಳಗಿಂದ ಬಂದ ವಾಸನೆಯಿಂದಲೇ ಎಲ್ಲವೂ ತಿಳಿಯಿತು. ಗೋಡೆಗೆ ಒರಗಿದ್ದ ದೊಡ್ಡ ಕಟ್ಟಿನ ಕೆಳಗಿನ ಗರಿಗಳ ಮೇಲೆ ಹಸಿರುಬೂದು ಬೂಷ್ಟು. ಹೊದಿಸಿದ್ದ ಕೆಂಪು ವಸ್ತ್ರದ ಬಣ್ಣ ಗರಿಗಳಿಗೆ ಇಳಿದಿತ್ತು.

ತಾಡವೋಲೆಯ ಪ್ರತಿಗಳ ಕೊನೆಯಲ್ಲಿ, ಈ ಗ್ರಂಥವನ್ನು ನೀರಿನಿಂದ ಕಾಪಾಡಿ, ಮೂರ್ಖರ ಕೈಗೆ ಕೊಡಬೇಡಿ ಎಂಬರ್ಥದ ಬಿನ್ನಪವನ್ನು ಬರೆಯುವುದು ಲಿಪಿಕಾರರ ಹಳೆಯ ವಾಡಿಕೆ. ಅದನ್ನು ವಿದ್ಯಾರ್ಥಿಗಳಿಗೆ ವಿನೋದವಾಗಿ ವಿವರಿಸುತ್ತಿದ್ದವನು ನಾನು. ಆ ದಿನ ಎರಡೂ ಒಟ್ಟಿಗೆ ಬಂದಿದ್ದವು.

ಮೊದಲು ನಾನು ಮಾಳಿಗೆಯನ್ನು ಅನುಮಾನಿಸಿದೆ. ಮಳೆಗಾಲದ ನೀರು ಇಳಿದಿರಬೇಕೆಂದುಕೊಂಡು ಗಾರೆ ಕೆಲಸದವರೊಬ್ಬರನ್ನು ಕರೆಸಿದೆ. ಯಳಂದೂರಿನ ಕಡೆಯವರು, ಐವತ್ತರ ಆಸುಪಾಸು, ಮಾತು ಕಡಿಮೆ. ಮಾಳಿಗೆಗೆ ಹತ್ತಲೇ ಇಲ್ಲ. ಗೋಡೆಯ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಕ್ಕೆ ಸವರಿದರು.

“ಅಯ್ನೋರೆ, ಮಾಳ್ಗೆಯಿಂದ ಇಳ್ದಿದ್ರೆ ಮೇಲ್ಗಡೆ ತೇವ ಇರ್ಬೇಕಾಗಿತ್ತು. ಇಲ್ಲಿ ನೆಲದಿಂದ ಮೂರಡಿಗಂಟ ಮಾತ್ರ ಅದೆ. ಇದು ಬಚ್ಚಲ ನೀರೇಯಾ.”

“ಕೊಳಾಯಿ ಪೈಪು ಒಡೆದಿರಬಹುದಲ್ಲಪ್ಪ?” ಎಂದೆ.

“ಒಡ್ದಿರಬೌದು. ನಾಕು ದಿನ ಇಲ್ಲಿ ಯಾರೂ ನೀರು ಉಯ್ಕೋಬ್ಯಾಡಿ. ಟ್ಯಾಂಕಿ ವಾಲ್ ತೆಗ್ದೇ ಇರ್ಲಿ. ಪೈಪಾದ್ರೆ ಗೋಡೆ ಆರಾಕಿಲ್ಲ, ಸಂದಾದ್ರೆ ಆರ್ತದೆ.”

ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂದು ನಾವು ವರ್ಷಗಟ್ಟಲೆ ಓದಿದ್ದು ಇದನ್ನೇ. ಹಿತ್ತಲಿನಲ್ಲಿ ತಡಿಕೆ ಕಟ್ಟಿ ನಾಲ್ಕು ದಿನ ಅಲ್ಲಿ ಮಿಂದೆವು. ಐದನೆಯ ದಿನ ಗೋಡೆಯ ಮೇಲಿನ ಕಪ್ಪು ಒಂದಡಿಯಷ್ಟು ಇಳಿದಿತ್ತು. ಪೈಪಿನ ದೋಷವಲ್ಲವೆಂದು ನಿಶ್ಚಯವಾಯಿತು. ಆಗ ಅವರು ಬಚ್ಚಲ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಸಂದಿನೊಳಗೆ ಒಂದು ಕಬ್ಬಿಣದ ಕಡ್ಡಿಯನ್ನು ಇಳಿಸಿದರು. ಅದು ಎರಡು ಬೆರಳಿನಷ್ಟು ಒಳಹೋಯಿತು. ತಲೆಯೆತ್ತಿ, “ಆಸಿಡ್ ಹಾಕಿದ್ರಾ?” ಎಂದರು.

ಬಾಗಿಲಲ್ಲಿ ಮನೆಯವರು ನಿಂತಿದ್ದರು. ಹೌದೆಂದೆ. ಅವರು ಏನೂ ಅನ್ನಲಿಲ್ಲ. ಒಳಗೆ ಹೋಗಿ ಕೆಲಸದವರಿಗೆ ಕಾಫಿ ತಂದುಕೊಟ್ಟರು. ನನಗೆ ಅರ್ಧ ಗಂಟೆ ತಡವಾಗಿ ಬಂದಿತು.

ಇಲ್ಲಿ ಮಠದ ಬಚ್ಚಲನ್ನು ನೆನೆಯದೆ ಇರಲಾರೆ. ನಾವು ಹುಡುಗರು ಮೀಯುತ್ತಿದ್ದುದು ಬೋಳು ಕಲ್ಲು ಚಪ್ಪಡಿಗಳ ಮೇಲೆ. ನಮ್ಮ ಸೀಮೆಯ ಕಗ್ಗಲ್ಲು ಅದು. ಯಾವ ಬಳಿತವೂ ಇಲ್ಲ. ವರ್ಷಕ್ಕೊಮ್ಮೆ ಶಿವರಾತ್ರಿಗೆ ಮುಂಚೆ ಸಂದುಗಳನ್ನು ಮಾತ್ರ ಕೆತ್ತಿ ಹೊಸ ಗಾರೆ ತುಂಬುತ್ತಿದ್ದರು. ಅರಳಿಸಿದ ಸುಣ್ಣ, ಮರಳು, ಇಟ್ಟಿಗೆಯ ಪುಡಿ. ಅದನ್ನು ಕಲೆಸುವುದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಹಾಕಿದ ನೀರು. ಬೆಲ್ಲ ಕದ್ದು ತಿಂದು ಬೈಸಿಕೊಂಡ ಹುಡುಗರಲ್ಲಿ ನಾನೂ ಒಬ್ಬ. ದೊಡ್ಡ ಕೆಲಸವಿದ್ದರೆ ಎತ್ತು ಕಟ್ಟಿ ಗಾಣದಲ್ಲಿ ಗಾರೆ ಅರೆಯುತ್ತಿದ್ದರಂತೆ. ನಮ್ಮ ಕಾಲಕ್ಕೆ ಒರಳಿನಲ್ಲಿ ರುಬ್ಬುತ್ತಿದ್ದರು. ತುಂಬಿದ ಮೇಲೆ ಕರಣೆಯ ಬೆನ್ನಿನಿಂದ ಉಜ್ಜಿ ಉಜ್ಜಿ ನುಣುಪು ಮಾಡುತ್ತಿದ್ದರು. ಕಲ್ಲು ಶಾಶ್ವತ, ಸಂದು ವಾರ್ಷಿಕ ಎಂಬ ತಿಳಿವಳಿಕೆ ಆ ಕೆಲಸದಲ್ಲಿತ್ತು. ನಾವು ಸಿಮೆಂಟಿನ ಕಾಲದವರು ಒಮ್ಮೆ ಹಾಕಿದರೆ ಮುಗಿಯಿತೆಂದುಕೊಂಡೆವು.

ಯಳಂದೂರಿನ ಬಳೆಮಂಟಪವನ್ನು ನೋಡಿದವರು ಅದರ ಕಲ್ಲಿನ ಬಳೆಗಳ ಸರಪಣಿಯನ್ನು ಹೊಗಳುತ್ತಾರೆ. ಒಂದೇ ಕಲ್ಲಿನಲ್ಲಿ ಕೊರೆದ ಆ ಕೊಂಡಿಗಳು ವಿಸ್ಮಯವೇ ಸರಿ. ಬಚ್ಚಲಿನ ಅನುಭವವಾದ ಮೇಲೆ ನಾನು ಅಲ್ಲಿ ನೋಡಿದ್ದು ಮಾತ್ರ ಕಲ್ಲು ಕಲ್ಲು ಸೇರುವ ಕೂಡುಗೆರೆಗಳನ್ನು. ಮನಸ್ಸು ಎಲ್ಲಿರುತ್ತದೋ ಕಣ್ಣು ಅಲ್ಲಿ.

ಕೆಲಸವನ್ನು ಮಾಘಮಾಸಕ್ಕೆ ಇಟ್ಟುಕೊಂಡೆವು. ಗಾಳಿಯಲ್ಲಿ ತೇವ ಕಡಿಮೆಯಿರುವ ಕಾಲ ಅದು. ಮೊದಲು ಹಿಂದಿನ ವಾರ್ನಿಷನ್ನೆಲ್ಲ ಬಿಡಿಸಿದರು. ಅದಕ್ಕೇ ಎರಡು ದಿನ ಹಿಡಿಯಿತು. ಮೇಲೆ ಪದರವಾಗಿ ನಿಲ್ಲುವ ಲೇಪಕ್ಕೂ ಕಲ್ಲಿನ ಒಳಕ್ಕೆ ಇಂಗುವ ಲೇಪಕ್ಕೂ ವ್ಯತ್ಯಾಸವಿದೆಯೆಂದು ನನಗೆ ತಿಳಿದದ್ದು ಆಗ. ಮೇಲೆ ನಿಲ್ಲುವುದು ಕೆಳಗಿನ ತೇವವನ್ನು ಒಳಗೇ ಹಿಡಿದಿಡುತ್ತದೆ; ಆ ತೇವ ಹೊರಬರಲು ಹವಣಿಸಿ ಪದರವನ್ನು ಎಬ್ಬಿಸುತ್ತದೆ. ಒಳಕ್ಕೆ ಇಂಗುವುದು ಕಲ್ಲಿನ ಸೂಕ್ಷ್ಮ ರಂಧ್ರಗಳ ಗೋಡೆಗೆ ಅಂಟಿ ನೀರನ್ನು ಒಲ್ಲೆನೆನ್ನುತ್ತದೆ, ಆದರೆ ಆವಿಗೆ ದಾರಿ ಬಿಡುತ್ತದೆ. ಬಚ್ಚಲಿಗೆ ಬೇಕಾದದ್ದು ಎರಡನೆಯದು. ಅಂಗಡಿಯಲ್ಲಿ ಎರಡಕ್ಕೂ ಸೀಲರ್ ಎಂಬ ಒಂದೇ ಹೆಸರು; ಕೇಳಿ ತೆಗೆದುಕೊಳ್ಳಬೇಕು.

ಬಳಿಕ ಸಂದುಗಳನ್ನೆಲ್ಲ ಕೆತ್ತಿ, ಸಡಿಲವಾದುದನ್ನು ತೆಗೆದು, ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಸೌಮ್ಯ ಸಾಬೂನಿನಿಂದ ತೊಳೆದು, ಆರಲು ಬಿಟ್ಟರು. ಮೂರು ದಿನದ ಮೇಲೆ ಆರಿತೆಂದು ನಾನಂದೆ. ಅವರು ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚನ್ನೂ ನೆಲಕ್ಕೆ ಅಂಟಿಸಿ, ನಾಳೆ ನೋಡಿ ಎಂದು ಹೋದರು. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಸಣ್ಣ ಸಣ್ಣ ಹನಿಗಳು! ಕಣ್ಣಿಗೆ ಒಣಗಿ ಕಂಡ ಕಲ್ಲು ಒಳಗೆ ಹಸಿಯಾಗಿಯೇ ಇತ್ತು. ಇನ್ನೂ ಐದು ದಿನ ಬಿಟ್ಟೆವು. ಆ ಮೇಲೆ ಇಟ್ಟ ಹಾಳೆ ಒಣಗಿಯೇ ಇತ್ತು.

ಸಂದು ತುಂಬಿದ್ದು ಈಗ ಪೊಟ್ಟಣದಲ್ಲಿ ಬರುವ ಸಿಮೆಂಟಿನ ಪುಡಿಯಿಂದ. ನೀರು ಹೆಚ್ಚಾದರೆ ಆರಿದ ಮೇಲೆ ಸಂದು ಕುಗ್ಗಿ ಬಿರಿಯುತ್ತದೆಂದು ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆದುವಾಗಿ ಕಲೆಸಿ, ಒಳಕ್ಕೆ ಒತ್ತಿ ಒತ್ತಿ ತುಂಬಿದರು. ನೆಲವೂ ಗೋಡೆಯೂ ಕೂಡುವ ಮೂಲೆಗೆ ಮಾತ್ರ ಸಿಮೆಂಟು ಹಾಕಲಿಲ್ಲ. ಬಿಸಿನೀರು ತಣ್ಣೀರು ಬೀಳುತ್ತ ನೆಲ, ಗೋಡೆ ಎರಡೂ ಕೂದಲೆಳೆಯಷ್ಟು ಅಲುಗುತ್ತವೆಯಂತೆ. ಗಡಸು ಸಿಮೆಂಟು ಅಲ್ಲಿ ಬಿರುಕು ಬಿಡುತ್ತದೆ. ಅಲ್ಲಿಗೆ ರಬ್ಬರಿನಂತೆ ಬಳುಕುವ ಸಿಲಿಕಾನ್ ಹಿಂಡಿ, ಸಾಬೂನು ನೀರಿನಲ್ಲಿ ಅದ್ದಿದ ಬೆರಳಿನಿಂದ ತೀಡಿದರು. ನಮ್ಮ ಗೋಡೆಗೆ ನೀರು ಹೋದದ್ದು ಮುಖ್ಯವಾಗಿ ಆ ಮೂಲೆಯಿಂದಲೇ.

ಸಂದು ಗಟ್ಟಿಯಾಗಲು ಪೊಟ್ಟಣದ ಮೇಲೆ ಬರೆದಷ್ಟು ದಿನ ಕಾದು, ಕೊನೆಗೆ ಸೀಲರ್. ಇದಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ. ಕಿಟಕಿ ತೆರೆದಿಟ್ಟು, ಮೆತ್ತನೆಯ ಬಟ್ಟೆಯಿಂದ ತೆಳ್ಳಗೆ ಬಳಿದು, ಹತ್ತು ನಿಮಿಷ ಕುಡಿಯಲು ಬಿಟ್ಟು, ಮೇಲೆ ಉಳಿದದ್ದನ್ನು ಒಣಗುವ ಮುಂಚೆಯೇ ಒಣಬಟ್ಟೆಯಿಂದ ಪೂರ್ತಿ ಒರಸಿದರು. ಒರಸದೆ ಬಿಟ್ಟರೆ ಮಂಕು ಕಲೆ ನಿಲ್ಲುತ್ತದೆ. ಮತ್ತೊಂದು ಸಲ ಹಾಗೆಯೇ. ಒಂದು ಹಗಲು ಒಂದು ರಾತ್ರಿ ನೀರು ಮುಟ್ಟಿಸಲಿಲ್ಲ. ಗೋಡೆಯ ಟೈಲಿಗೆ ಬಳಿಯಲೇ ಇಲ್ಲ. ಗಾಜಿನಂಥ ಹೊಳಪಿನ ಮೇಲೆ ಅದು ಇಂಗಲು ಎಡೆಯೆಲ್ಲಿ? ಅಲ್ಲಿ ಸಂದುಗೆರೆಗಳಿಗೆ ಮಾತ್ರ ಸಣ್ಣ ಕುಂಚದಿಂದ ಎಳೆದರು.

“ಇದ ಬಳ್ದ್ರೆ ನೀರು ಸೋರಾದು ನಿಂತೋಯ್ತದೆ ಅನ್ಕೋಬ್ಯಾಡಿ ಅಯ್ನೋರೆ” ಎಂದೂ ಎಚ್ಚರಿಸಿದರು. ಸೀಲರ್ ಕಲೆಯನ್ನು ತಡೆಯುತ್ತದೆ, ಕಲ್ಲು ನೀರು ಹೀರುವುದನ್ನು ಕಡಿಮೆ ಮಾಡುತ್ತದೆ, ಅಷ್ಟೆ. ನೀರನ್ನು ನಿಜವಾಗಿ ತಡೆಯಬೇಕಾದದ್ದು ಕಲ್ಲಿನ ಕೆಳಗೆ, ಕಟ್ಟುವಾಗಲೇ ಹಾಕುವ ಜಲನಿರೋಧಕ ಪದರ ಮತ್ತು ನೀರು ನಿಲ್ಲದಂತೆ ನೆಲಕ್ಕೆ ಕೊಡುವ ವಾಟ. ನಾಲ್ಕಡಿಗೆ ಅರ್ಧ ಅಂಗುಲವಾದರೂ ವಾಟ ಬೇಕೆಂದರು. ನಮ್ಮ ಮನೆಯಲ್ಲಿ ವಾಟ ಸರಿಯಾಗಿತ್ತು. ಕೆಳಗಿನ ಪದರದ ಮಾತು 1998ರಲ್ಲಿ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇದೇ ಸಮಯಕ್ಕೆ ಹನೂರಿನಲ್ಲಿರುವ ನಮ್ಮ ಮಗಳು, “ಅಪ್ಪಾಜಿ, ನಮ್ಮ ಬಚ್ಚಲಿಗೂ ಅದನ್ನೇ ಬಳಿಸೋಣ” ಎಂದು ಕರೆದಳು. ನಾನೂ ಈಗ ಬಲ್ಲವನಾದೆನಲ್ಲ, ಹೊರಟೆ. ಅವಳ ಮನೆಯದು ನಯಗೊಳಿಸಿದ ಕರಿಗಲ್ಲು. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲದ ಕಡೆ ಭೂಮಿಯಿಂದ ಎತ್ತಿ ಹೊರದೇಶಗಳಿಗೂ ಕಳುಹಿಸುವ ಆ ಕಲ್ಲನ್ನು ನಾವು ಗ್ರಾನೈಟು ಎನ್ನುತ್ತೇವೆ. ಕಣ್ಣಿಗೆ ಕಡಪವೂ ಕಪ್ಪು, ಇದೂ ಕಪ್ಪು. ಮೂಲೆಯಲ್ಲಿ ಕಾಣದ ಕಡೆ ನಿಂಬೆರಸದ ಎರಡು ಹನಿ ಬಿಟ್ಟು ನೋಡಿದೆ. ಕಡಪವಾಗಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ಹೊಳಪು ಹೋಗಿ ಗುರುತು ಬೀಳುತ್ತಿತ್ತು. ಇಲ್ಲಿ ಏನೂ ಆಗಲಿಲ್ಲ. ಅನಂತರ ಬರಿಯ ನೀರಿನ ಹನಿ ಇಟ್ಟು ಹತ್ತು ನಿಮಿಷ ಕಾದೆವು. ಒರಸಿದರೆ ಕೆಳಗೆ ಕಲ್ಲು ಕಪ್ಪೇರಿರಲಿಲ್ಲ. ಕುಡಿಯದ ಕಲ್ಲಿಗೆ ಕುಡಿಸುವುದು ವ್ಯರ್ಥ. ಸಂದುಗಳನ್ನು ಮಾತ್ರ ನೋಡಿಕೊಳ್ಳಮ್ಮ ಎಂದು ಹೇಳಿ, ಅವಳು ತಂದಿಟ್ಟಿದ್ದ ಎರಡು ಡಬ್ಬಿಗಳಲ್ಲಿ ಒಂದನ್ನು ಹಿಂದಿರುಗಿಸಿದೆವು.

ಹನೂರಿನಿಂದ ಮಾದಪ್ಪನ ಬೆಟ್ಟ ಹತ್ತಿರವೇ ಆದ್ದರಿಂದ ಮರುದಿನ ಅಲ್ಲಿಗೆ ಹೋದೆವು. ಅಮಾವಾಸ್ಯೆ, ಎಣ್ಣೆಮಜ್ಜನದ ಜನಸಂದಣಿ. ಮಗಳು ನಗುತ್ತ, “ಅಪ್ಪಾಜಿ, ಕಲ್ಲಿಗೆ ಎಣ್ಣೆ ಹಚ್ಚಿದರೆ ಸಾಲದೆ?” ಎಂದಳು. ಅಡುಗೆಮನೆಯ ಕಡಪ ಕಟ್ಟೆಗೆ ಕೊಬ್ಬರಿ ಎಣ್ಣೆ ಸವರಿ ಕಪ್ಪೇರಿಸುವ ವಾಡಿಕೆ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಎರಡು ದಿನ ಚೆಂದ. ಆ ಮೇಲೆ ಧೂಳು ಹಿಡಿದು ಜಿಡ್ಡಾಗುತ್ತದೆ, ಬಚ್ಚಲಲ್ಲಂತೂ ಜಾರುತ್ತದೆ. ದೇವರ ಕಲ್ಲಿಗೆ ಸಲ್ಲುವುದೆಲ್ಲ ಕಾಲಿಡುವ ಕಲ್ಲಿಗೆ ಸಲ್ಲುವುದಿಲ್ಲ ಎಂದೆ.

ಬಿಳಿಯ ಪೊರೆಯ ಕಾಟಕ್ಕೆ ನಾವು ಈಗ ಮಾಡುತ್ತಿರುವುದು ಇಷ್ಟೆ: ಮಿಂದವರು ಹೊರಬರುವ ಮುಂಚೆ ರಬ್ಬರಿನ ವೈಪರಿನಿಂದ ನೀರನ್ನು ತಳ್ಳಿ ಬರಬೇಕು. ನೀರು ನಿಲ್ಲದಿದ್ದರೆ ಸುಣ್ಣವೂ ನಿಲ್ಲುವುದಿಲ್ಲ. ಮೊಮ್ಮಕ್ಕಳು ಬಂದಾಗ ಈ ನಿಯಮ ಸ್ವಲ್ಪ ಸಡಿಲವಾಗುತ್ತದೆ. ಸೀಗೆಪುಡಿಯೂ ಹುಳಿಯ ಗುಣದ್ದೇ ಆದ್ದರಿಂದ ಎಣ್ಣೆನೀರಿನ ದಿನ ಕಲ್ಲನ್ನು ಕೂಡಲೇ ತೊಳೆಯುತ್ತೇವೆ. ಆಸಿಡ್ ಸೀಸೆ ಮನೆಯಲ್ಲಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ತಂಬಿಗೆಯಿಂದ ನಾಲ್ಕು ಹನಿಗಳನ್ನು ಕಲ್ಲಿನ ಮೇಲೆ ಬಿಟ್ಟು ಕಾಯುತ್ತೇನೆ. ಹನಿ ಗುಂಡಗೆ ನಿಂತಿದ್ದರೆ ಸರಿ. ಹರಡಿ ಕಲ್ಲು ಕಪ್ಪೇರಿದರೆ ಮತ್ತೆ ಬಳಿಸುವ ಕಾಲ ಬಂದಿತೆಂದು ಅರ್ಥ. ಕಳೆದ ತಿಂಗಳು ಗುಂಡಗೆಯೇ ನಿಂತಿತ್ತು. ಸ್ನಾನದ ನೀರು ಹೆಚ್ಚು ಬೀಳುವ ನಡುಗಲ್ಲಿನಲ್ಲಿ ಮಾತ್ರ ಕೊಂಚ ಚಪ್ಪಟೆಯಾಗತೊಡಗಿದೆ.

ಓಲೆಕಟ್ಟಿನ ಮಾತು ಉಳಿಯಿತು. ಬಲ್ಲವರೊಬ್ಬರ ಸಲಹೆಯಂತೆ ಗರಿಗಳನ್ನು ಬಿಸಿಲಿಗಿಡದೆ ನೆರಳಿನಲ್ಲಿ ಒಂದೊಂದಾಗಿ ಬಿಡಿಸಿ ಆರಿಸಿದೆವು. ಮೆತ್ತನೆಯ ಕುಂಚದಿಂದ ಬೂಷ್ಟು ತೆಗೆದು, ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಬಟ್ಟೆಗೆ ತಗುಲಿಸಿ ತೆಳ್ಳಗೆ ಸವರಿದೆವು. ಈ ಕೆಲಸದಲ್ಲಿ ಮನೆಯವರು ನನ್ನ ಎದುರಿಗೆ ಕುಳಿತು ಗರಿಗಳ ಸಂಖ್ಯೆ ಬರೆದುಕೊಂಡರು. ಹನ್ನೆರಡು ಗರಿಗಳ ಅಂಚು ಉದುರಿಹೋಗಿದೆ. ಅವುಗಳಲ್ಲಿ ಐದರ ಮೇಲೆ ಗುರುಗಳ ಗುರುತುಗಳಿದ್ದವು. ಎರಡು ಗರಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಳೆದರೆ ಮೇಲಿನ ಪದರವೇ ಕಿತ್ತುಬರುವುದೆಂದು ಹಾಗೆಯೇ ಬಿಳಿಯ ಕಾಗದದಲ್ಲಿ ಸುತ್ತಿ, ಈಗ ನಡುಮನೆಯ ಒಣಗೋಡೆಯ ಬೀರುವಿನಲ್ಲಿ ಇಟ್ಟಿದ್ದೇವೆ. ಬೀರುವಿನ ಬೀಗದ ಕೈ ಮನೆಯವರ ಬಳಿ ಇದೆ.

ಆ ಎರಡು ಗರಿಗಳನ್ನು ಇನ್ನೂ ಬಿಡಿಸಿಲ್ಲ.